ಔಷಧ ತಯಾರಿಸುವವರಿಗೆ ಫಾರ್ಮಕಾಲಜಿಯ ಮೊದಲ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನ ಬಲ್ಕ್ ಡ್ರಗ್ (ಗುಳಿಗೆಗೆ ಹೋಗುವ ಮೂಲ ಔಷಧ) ಘಟಕಗಳಲ್ಲಿ ಶಿಫ್ಟ್ ಮುಗಿಸಿ ಬಂದವರು, ಬಳ್ಳಾರಿಯ ಫಾರ್ಮಸಿ ವಿದ್ಯಾರ್ಥಿಗಳು, ಕೊಪ್ಪಳದಿಂದ ಹೊರಟು ಹೈದರಾಬಾದ್, ಬೆಂಗಳೂರಿನ ಕ್ಲಿನಿಕಲ್ ರಿಸರ್ಚ್ ಕಂಪನಿ ಸೇರಿದವರು ಫಾರ್ಮಕಾಲಜಿ, ಅಂದರೆ ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬ ಶಾಸ್ತ್ರದ ಬಗ್ಗೆ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದಿಲ್ಲ. ಔಷಧದ ಹೆಸರಿಲ್ಲದ ಲೆಕ್ಕಗಳಲ್ಲಿ ಅಂಕಿಗಳನ್ನು ಕಲಿಕೆಗಾಗಿ ಹಾಕಿದೆ. ಇಲ್ಲಿರುವ ಯಾವುದನ್ನೂ ಚಿಕಿತ್ಸೆಯ ಸಲಹೆಯಾಗಿ ಬಳಸಬಾರದು.

### ಶುರುವಿಗೆ

ನಾನು ಎಂ.ಎಸ್ಸಿ. ಕೆಮಿಸ್ಟ್ರಿ, ದೇವಸೂಗೂರು ಕಡೆ ಬಲ್ಕ್ ಡ್ರಗ್ ಪ್ಲಾಂಟಿನ್ಯಾಗ ಕೆಲ್ಸ. ಔಷಧ ಮೈಯಾಗ ಹೋಗಿ ಏನ್ ಮಾಡ್ತದ ಅನ್ನೋದು ನನಗ್ಯಾಕ ಬೇಕ್ರಿ?

ನೀವು ದಿನವೂ ಕಾಯುವ ಅಂಕಿಗಳು ಮೈಯೊಳಗಿನ ಲೆಕ್ಕದಿಂದಲೇ ಬಂದಿರುವುದರಿಂದ. ಕಣದ ಗಾತ್ರಕ್ಕೆ ಹಾಕಿದ ಮಿತಿ, ಸ್ಫಟಿಕದ ರೂಪ, ಕಲ್ಮಶದ ಪಿಪಿಎಂ, ರಿಯಾಕ್ಟರ್ ತೊಳೆದ ಮೇಲೆ ಉಳಿಯಬಹುದಾದ ಮೈಕ್ರೋಗ್ರಾಂ, ಇವೆಲ್ಲ ಹೊಟ್ಟೆಯಲ್ಲಿ ಔಷಧ ಎಷ್ಟು ಬೇಗ ಕರಗುತ್ತದೆ, ರಕ್ತಕ್ಕೆ ಎಷ್ಟು ಸೇರುತ್ತದೆ, ಎಷ್ಟು ಸೇರಿದರೆ ಕೆಡುಕು ಎಂಬ ಪ್ರಶ್ನೆಗಳ ಉತ್ತರ. ಗ್ರಿಸಿಯೋಫುಲ್ವಿನ್ ಎಂಬ ಶಿಲೀಂಧ್ರ ಸೋಂಕಿನ ಔಷಧವನ್ನು ನುಣ್ಣಗೆ ಪುಡಿ ಮಾಡಿದ್ದಕ್ಕೇ ಡೋಸ್ ಅರ್ಧಕ್ಕೆ ಇಳಿಯಿತು. ರಿಟೋನವಿರ್‌ನಲ್ಲಿ 1998ರಲ್ಲಿ, ಅದುವರೆಗೆ ಯಾರೂ ಕಾಣದಿದ್ದ, ಕಡಿಮೆ ಕರಗುವ ಇನ್ನೊಂದು ಸ್ಫಟಿಕ ರೂಪ ಹುಟ್ಟಿಕೊಂಡಿತು. ಮಾರುಕಟ್ಟೆಯಲ್ಲಿದ್ದ ಕ್ಯಾಪ್ಸೂಲನ್ನೇ ಹಿಂದಕ್ಕೆ ಪಡೆಯಬೇಕಾಯಿತು. ಅಣು ಅದೇ, ಶುದ್ಧತೆ ಅದೇ, ರಕ್ತಕ್ಕೆ ಸೇರುವ ಪ್ರಮಾಣ ಮಾತ್ರ ಬೇರೆ. ಎಚ್‌ಪಿಎಲ್‌ಸಿಯಲ್ಲಿ (ಶುದ್ಧತೆಯ ಪರೀಕ್ಷೆ) ಪಾಸಾದ ಬ್ಯಾಚ್ ರೋಗಿಯ ಮೈಯಲ್ಲಿ ಫೇಲಾಗಬಹುದು ಎಂಬುದನ್ನು ಕೆಮಿಸ್ಟ್ ಆದವರು ಅರಿತಿರಲೇಬೇಕು.

ಪುಸ್ತಕ ತಗದ್ರ ಸಾವಿರ ಪುಟ ಐತಿ. ಯಾವುದರಿಂದ ಹಿಡೀಬೇಕು?

ಔಷಧಗಳ ಪಟ್ಟಿಯಿಂದ ಹಿಡಿಯಬೇಡಿ. ಮೊದಲ ಅಧ್ಯಾಯದಿಂದ ಹೆಸರು ಬಾಯಿಪಾಠ ಮಾಡಲು ಹೊರಟವರು ಸ್ವಾಯತ್ತ ನರವ್ಯೂಹದ ಹೊತ್ತಿಗೆ ಪುಸ್ತಕ ಮುಚ್ಚುತ್ತಾರೆ. ಔಷಧ ಅಭಿವೃದ್ಧಿಯಲ್ಲಿ ಇರುವವರಿಗೆ ಬೇಕಾದದ್ದು ಒಂದೇ ಸರಪಳಿ: ಕೊಟ್ಟ ಡೋಸ್, ಅದರಿಂದ ರಕ್ತದಲ್ಲಿ ಬರುವ ಸಾಂದ್ರತೆ, ಆ ಸಾಂದ್ರತೆಯಿಂದ ಆಗುವ ಪರಿಣಾಮ. ಯಾವ ಔಷಧ ಕೈಗೆ ಬಂದರೂ ಈ ಮೂರು ಕೊಂಡಿಗಳನ್ನು ಅಂಕಿಯಲ್ಲಿ ಜೋಡಿಸಲು ಬಂದರೆ ಬುನಾದಿ ಆಯಿತು.

ದಿನಕ್ಕೆ 1 ಗಂಟೆಯಂತೆ 12 ವಾರ ಸಾಕು. ಮೊದಲ 4 ವಾರ ಫಾರ್ಮಕೊಕೈನೆಟಿಕ್ಸ್ (ಔಷಧ ಮೈಗೆ ಸೇರಿ, ಹರಡಿ, ಹೊರಹೋಗುವ ಲೆಕ್ಕ), ನಂತರ 3 ವಾರ ರಿಸೆಪ್ಟರ್ (ಔಷಧ ಹೋಗಿ ಕೂರುವ ಕೋಶದ ಪ್ರೋಟೀನ್) ಮತ್ತು ಡೋಸ್–ಪರಿಣಾಮದ ಗೆರೆ, 2 ವಾರ ಯಕೃತ್ತಿನ ಕಿಣ್ವಗಳು ಹಾಗೂ ಔಷಧಗಳ ನಡುವಿನ ತಿಕ್ಕಾಟ, ಉಳಿದ 3 ವಾರ ವಿಷಶಾಸ್ತ್ರ ಮತ್ತು ಟ್ರಯಲ್ ವಿನ್ಯಾಸ. ಜೊತೆಗೆ 10 ಔಷಧ ನಿಮ್ಮವಾಗಬೇಕು: ಪ್ಯಾರಾಸಿಟಮಾಲ್, ಪ್ರೊಪ್ರನೊಲಾಲ್, ಡಿಗಾಕ್ಸಿನ್, ಜೆಂಟಾಮೈಸಿನ್, ಫೆನಿಟಾಯಿನ್, ವಾರ್ಫರಿನ್, ಐಸೋನಿಯಾಜಿಡ್, ರಿಫಾಂಪಿಸಿನ್, ಮೆಟ್‌ಫಾರ್ಮಿನ್, ಮಾರ್ಫಿನ್. ಒಂದೊಂದೂ ಒಂದೊಂದು ತತ್ವವನ್ನು ಹೊತ್ತಿದೆ. ಮೆಟ್‌ಫಾರ್ಮಿನ್ ಯಕೃತ್ತಿನಲ್ಲಿ ಒಡೆಯದೆ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಪ್ರೊಪ್ರನೊಲಾಲ್ ಇದಕ್ಕೆ ಪೂರ್ತಿ ಉಲ್ಟಾ. ಪ್ರತಿ ಔಷಧಕ್ಕೆ ಒಂದು ಕಾರ್ಡ್ ಮಾಡಿ, ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುವ ಪಾಲು, ಕ್ಲಿಯರೆನ್ಸ್, ವಿತರಣೆಯ ಗಾತ್ರ, ಅರ್ಧಾಯು, ಪ್ರೋಟೀನಿಗೆ ಅಂಟುವ ಪಾಲು, ಹೊರಹೋಗುವ ದಾರಿ ಎಂದು 6 ಸಾಲು ಬರೆಯಿರಿ (ಮುಖ್ಯ ಪದಗಳ ಅರ್ಥ ಮುಂದೆ ಬರುತ್ತದೆ). ಗಣಿತದಲ್ಲಿ ಲಾಗರಿದಮ್ ಒಂದು ಗಟ್ಟಿ ಇದ್ದರೆ ಸಾಕು.

ಕನ್ನಡ ಮೀಡಿಯಂನಾಗ ಓದಿದ್ದು. ಔಷಧದ ಹೆಸರು ನೋಡಿದ್ರೇ ತಲಿ ತಿರಗ್ತೈತಿ.

ಹೆಸರಿನ ಬಾಲ ನೋಡಿ. ‘-ಒಲಾಲ್’ ಸಾಮಾನ್ಯವಾಗಿ ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್, ‘-ಪ್ರಿಲ್’ ಮತ್ತು ‘-ಸಾರ್ಟನ್’ ರಕ್ತದೊತ್ತಡದವು, ‘-ಪ್ರಜೋಲ್’ ಹೊಟ್ಟೆಯ ಆಮ್ಲ ತಗ್ಗಿಸುವುದು, ‘-ಟಿನಿಬ್’ ಕ್ಯಾನ್ಸರಿನಲ್ಲಿ ಹೆಚ್ಚು ಬಳಸುವ ಕೈನೇಸ್ ತಡೆ, ‘-ಮ್ಯಾಬ್’ ಪ್ರತಿಕಾಯ. ಪರಿಭಾಷೆಯ ವಿಷಯಕ್ಕೆ ಬಂದರೆ, ಪ್ರತಿ ಪದದ ಅರ್ಥವನ್ನು ಮನೆಯಲ್ಲಿ ಅವ್ವನಿಗೆ ಹೇಳುವಂತೆ ಎರಡು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ. ಹಾಗೆ ಬರೆಯಲು ಬಾರದ ಪದ ನಿಮಗೆ ಇನ್ನೂ ಅರ್ಥವಾಗಿಲ್ಲ. ಈ ವಿಷಯದಲ್ಲಿ ಇಂಗ್ಲಿಷ್ ಮೀಡಿಯಂನವರ ಸ್ಥಿತಿಯೂ ಇದೇ. ಪದ ಉಚ್ಚರಿಸಲು ಬಂದದ್ದನ್ನೇ ತಿಳಿದದ್ದು ಅಂದುಕೊಳ್ಳುವ ಅಪಾಯ ಅವರಿಗೆ ಹೆಚ್ಚು.

ಬೆಂಗಳೂರಿಗೆ ಹೋಗದೇ ಇಲ್ಲೇ ಕುಂತು ಕಲಿಯಾಕ ಆಗತೈತೇನ್ರಿ?

ಆಗುತ್ತದೆ. ಬಳ್ಳಾರಿಯಲ್ಲಿ 1961ರಿಂದ, ರಾಯಚೂರಿನಲ್ಲಿ 2007ರಿಂದ, ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೂರರಲ್ಲೂ ಫಾರ್ಮಕಾಲಜಿ ವಿಭಾಗ ಇದೆ. ಅಲ್ಲಿನ ಅಧ್ಯಾಪಕರ ಬಳಿ ಸಂದೇಹ ಒಯ್ಯುವಾಗ ಬರಿಗೈಯಲ್ಲಿ ಹೋಗದೆ ನೀವೇ ಮಾಡಿದ ಲೆಕ್ಕದ ಹಾಳೆ ಹಿಡಿದು ಹೋಗಿ, ಮಾತು ಬೇಗ ಮುಂದೆ ಸಾಗುತ್ತದೆ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ತಾಣಗಳಾದ ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತ.

ಎಲ್ಲಕ್ಕಿಂತ ಒಳ್ಳೆಯ ಪಠ್ಯವನ್ನು ಹೆಚ್ಚಿನವರು ಕಣ್ಣೆತ್ತಿಯೂ ನೋಡುವುದಿಲ್ಲ. ಅದು ಅಮೆರಿಕದಲ್ಲಿ ಮಂಜೂರಾದ ಔಷಧದ ಲೇಬಲ್. ಅದರ 12ನೇ ವಿಭಾಗ ಪೂರ್ತಿ ಕ್ಲಿನಿಕಲ್ ಫಾರ್ಮಕಾಲಜಿ, 12.3ರಲ್ಲಿ ಕೈನೆಟಿಕ್ಸ್ ಅಂಕಿಗಳು. ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) ಜಾಲತಾಣದಲ್ಲಿ ಮಂಜೂರಾತಿಯ ಪರಿಶೀಲನಾ ವರದಿಗಳೂ ಸಿಗುತ್ತವೆ. ಕಂಪನಿ ಏನು ವಾದಿಸಿತು, ಪರಿಶೀಲಕರು ಎಲ್ಲಿ ಒಪ್ಪಲಿಲ್ಲ ಎಂಬುದು ಅಲ್ಲಿ ಸಾಲು ಸಾಲಾಗಿ ಇರುತ್ತದೆ. ವಾರಕ್ಕೆ ಒಂದು ಲೇಬಲ್ ಓದಿ, ನಿಮ್ಮ ಕಾರ್ಡ್ ತುಂಬಿಸಿ.

### ಮೈಯೊಳಗೆ ಔಷಧದ ಹಾದಿ

ಕ್ಲಿಯರೆನ್ಸ್ ಅಂದ್ರ ಗಂಟಿಗೆ ಎಷ್ಟು ಔಷಧ ಹೊರಗ ಹೋಗ್ತದ ಅಂತ ಹೌದಲ್ಲ?

ಅಲ್ಲ. ಸಂದರ್ಶನಗಳಲ್ಲಿ ಅತಿ ಹೆಚ್ಚು ಜನ ತಪ್ಪುವ ಜಾಗ ಇದು. ಕ್ಲಿಯರೆನ್ಸ್ ಎಂದರೆ ಗಂಟೆಗೆ ಎಷ್ಟು ಲೀಟರ್ ಪ್ಲಾಸ್ಮಾ (ರಕ್ತದ ದ್ರವಭಾಗ) ಔಷಧದಿಂದ ಪೂರ್ತಿ ಚೊಕ್ಕಟವಾಗುತ್ತದೆ ಎಂಬ ಅಳತೆ. ಕ್ಲಿಯರೆನ್ಸ್ 5 ಲೀಟರ್/ಗಂಟೆ ಇದ್ದು ಸಾಂದ್ರತೆ 2 ಮಿ.ಗ್ರಾಂ/ಲೀಟರ್ ಇದ್ದಾಗ ಗಂಟೆಗೆ 10 ಮಿ.ಗ್ರಾಂ ಹೊರಹೋಗುತ್ತದೆ. ಸಾಂದ್ರತೆ 4ಕ್ಕೆ ಏರಿದರೆ 20 ಮಿ.ಗ್ರಾಂ. ಹೋಗುವ ಪ್ರಮಾಣ ಬದಲಾಯಿತು, ಕ್ಲಿಯರೆನ್ಸ್ 5 ಲೀಟರಾಗಿಯೇ ಉಳಿಯಿತು.

ನಿತ್ಯದ ಡೋಸ್ ನಿರ್ಧರಿಸುವುದು ಈ ಅಂಕಿಯೇ. ಸರಾಸರಿ 2 ಮಿ.ಗ್ರಾಂ/ಲೀಟರ್ ಕಾಯ್ದುಕೊಳ್ಳಬೇಕು, 12 ಗಂಟೆಗೊಮ್ಮೆ ಕೊಡಬೇಕು ಎಂದರೆ 2 × 5 × 12 = 120 ಮಿ.ಗ್ರಾಂ ರಕ್ತಕ್ಕೆ ಸೇರಬೇಕು. ಗುಳಿಗೆಯ 60% ಮಾತ್ರ ರಕ್ತಕ್ಕೆ ಸೇರುವುದಾದರೆ 120 ÷ 0.6 = 200 ಮಿ.ಗ್ರಾಂ ಗುಳಿಗೆ. ಎರಡು ಎಲ್ಲೆಗಳು ನೆನಪಿರಲಿ: ಆರೋಗ್ಯವಂತ ಮೂತ್ರಪಿಂಡದ ಶೋಧನೆ ನಿಮಿಷಕ್ಕೆ ಸುಮಾರು 120 ಮಿ.ಲೀ., ಯಕೃತ್ತಿಗೆ ಹರಿಯುವ ರಕ್ತ ನಿಮಿಷಕ್ಕೆ ಸುಮಾರು 1.5 ಲೀಟರ್. ವರದಿಯಲ್ಲಿ ಯಕೃತ್ತಿನ ಕ್ಲಿಯರೆನ್ಸ್ ಗಂಟೆಗೆ 300 ಲೀಟರ್ ಎಂದು ಕಂಡರೆ ಯುನಿಟ್ ತಪ್ಪಿರಬೇಕು, ಇಲ್ಲವೇ ಬಾಯಿಂದ ಕೊಟ್ಟ ಡೋಸಿನ ಲೆಕ್ಕದಲ್ಲಿ ರಕ್ತಕ್ಕೆ ಸೇರುವ ಪಾಲಿನಿಂದ ಗುಣಿಸದೆ ಬಿಟ್ಟಿರಬೇಕು.

ಡಿಗಾಕ್ಸಿನ್‌ಗೆ ವಾಲ್ಯೂಮ್ 500 ಲೀಟರ್ ಅಂತ ಬರದಾರ. ಮನಷಾನ ಮೈಯಾಗ ಅಷ್ಟು ನೀರ ಎಲ್ಲೈತ್ರಿ?

ಎಲ್ಲೂ ಇಲ್ಲ. 70 ಕಿಲೋ ಮೈಯಲ್ಲಿ ನೀರು ಸುಮಾರು 42 ಲೀಟರ್, ಪ್ಲಾಸ್ಮಾ 3 ಲೀಟರ್. ಈ ವಾಲ್ಯೂಮ್, ಅಂದರೆ ವಿತರಣೆಯ ಗಾತ್ರ, ಒಂದು ಅನುಪಾತ: ಮೈಯಲ್ಲಿರುವ ಒಟ್ಟು ಔಷಧ ÷ ಪ್ಲಾಸ್ಮಾದಲ್ಲಿ ಕಾಣುವ ಸಾಂದ್ರತೆ. ಔಷಧ ಸ್ನಾಯುವಿಗೆ, ಕೊಬ್ಬಿಗೆ ಹೋಗಿ ಅಂಟಿಕೊಂಡರೆ ಪ್ಲಾಸ್ಮಾದಲ್ಲಿ ಕಡಿಮೆ ಕಾಣುತ್ತದೆ, ಭಾಗಿಸಿದಾಗ ದೊಡ್ಡ ಸಂಖ್ಯೆ ಬರುತ್ತದೆ. 500 ಮೈಕ್ರೋಗ್ರಾಂ ಡಿಗಾಕ್ಸಿನ್ ಮೈಯಲ್ಲಿದ್ದರೆ ಪ್ಲಾಸ್ಮಾದಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಅಷ್ಟೇ. ಜೆಂಟಾಮೈಸಿನ್ ಜೀವಕೋಶದೊಳಗೆ ಹೆಚ್ಚು ಹೋಗದ ಕಾರಣ ಅದರದ್ದು ಕಿಲೋಗೆ ಸುಮಾರು 0.25 ಲೀಟರ್. ಕ್ಲೋರೊಕ್ವಿನ್‌ದು ಸಾವಿರಾರು ಲೀಟರ್.

ಉಪಯೋಗ ಎರಡು. ಮೊದಲನೆಯದು, ಆರಂಭದಲ್ಲೇ ಬೇಕಾದ ಮಟ್ಟ ಮುಟ್ಟಿಸುವ ಲೋಡಿಂಗ್ ಡೋಸ್: ಗುರಿ ಸಾಂದ್ರತೆ × ವಿತರಣೆಯ ಗಾತ್ರ ÷ ರಕ್ತಕ್ಕೆ ಸೇರುವ ಪಾಲು. ಎರಡನೆಯದು, ಡೋಸ್ ಮೀರಿದಾಗ ಡಯಾಲಿಸಿಸ್ ನೆರವಾದೀತೇ ಎಂಬ ಅಂದಾಜು. ಡಿಗಾಕ್ಸಿನ್‌ನಂಥದ್ದರಲ್ಲಿ ರಕ್ತ ತೊಳೆದರೂ ಔಷಧದ ಬಹುಪಾಲು ರಕ್ತದ ಹೊರಗೇ ಕೂತಿರುತ್ತದೆ.

ಅರ್ಧಾಯು ಒಂದು ಗೊತ್ತಿದ್ರ ಸಾಕಲ್ಲ, ಉಳಿದಿದ್ದು ಯಾಕ?

ಅರ್ಧಾಯು, ಅಂದರೆ ಮೈಯಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸ್ವತಂತ್ರ ಅಂಕಿ ಅಲ್ಲ. ಮುನಿರಾಬಾದಿನ ತುಂಗಭದ್ರಾ ಜಲಾಶಯ ಒಳಹರಿವು ನಿಂತ ಮೇಲೆ ಅರ್ಧಕ್ಕೆ ಇಳಿಯಲು ಎಷ್ಟು ದಿನ ಬೇಕು ಎಂದು ಯಾರಾದರೂ ಕೇಳಿದರೆ ಎರಡು ಸಂಗತಿ ತಿಳಿಯಬೇಕು: ನೀರು ಎಷ್ಟು ನಿಂತಿದೆ, ಕಾಲುವೆಗಳು ಎಷ್ಟು ಎಳೆಯುತ್ತಿವೆ. ಔಷಧದಲ್ಲೂ ಹಾಗೇ. ಅರ್ಧಾಯು = 0.693 × ವಿತರಣೆಯ ಗಾತ್ರ ÷ ಕ್ಲಿಯರೆನ್ಸ್. ರೋಗಿಯಲ್ಲಿ ಅರ್ಧಾಯು ಉದ್ದವಾಯಿತು ಎಂದಷ್ಟೇ ವರದಿ ಹೇಳಿದರೆ ಮೂತ್ರಪಿಂಡ ಸೋತಿದೆಯೋ, ಔಷಧ ಕೊಬ್ಬಿಗೆ ಸೇರಿದೆಯೋ ತಿಳಿಯುವುದಿಲ್ಲ. ಮೊದಲನೆಯದಕ್ಕೆ ನಿತ್ಯದ ಡೋಸ್ ತಗ್ಗಿಸಬೇಕು, ಎರಡನೆಯದಕ್ಕೆ ಬೇಕಿಲ್ಲ.

ಆದರೂ ಸಮಯಕ್ಕೆ ಸಂಬಂಧಿಸಿದ ಮೂರು ಪ್ರಶ್ನೆಗೆ ಅರ್ಧಾಯುವೇ ಉತ್ತರ: ಎಷ್ಟು ಅಂತರದಲ್ಲಿ ಕೊಡಬೇಕು, ಸ್ಥಿರ ಮಟ್ಟ ಯಾವಾಗ, ಮೈ ಖಾಲಿ ಯಾವಾಗ. ಒಂದೊಂದು ಅರ್ಧಾಯು ಕಳೆದಂತೆ ಸ್ಥಿರ ಮಟ್ಟದ 50, 75, 87.5, 93.75, 96.9% ತಲುಪುತ್ತೇವೆ. ಆದ್ದರಿಂದ 4ರಿಂದ 5 ಅರ್ಧಾಯು ಎಂಬ ರೂಢಿ. 36 ಗಂಟೆ ಅರ್ಧಾಯುವಿನ ಔಷಧಕ್ಕೆ 3ನೇ ದಿನ ರಕ್ತ ತೆಗೆದು ‘ಸ್ಥಿರ ಮಟ್ಟ’ ಎಂದು ಬರೆದರೆ ಆ ದತ್ತಾಂಶ ಕೆಟ್ಟಂತೆ.

ಗುಳಿಗಿಯೊಳಗಿಂದ ರಕ್ತಕ್ಕ ಎಷ್ಟು ಮುಟ್ಟಿತು ಅಂತ ಕೈಲೆ ಲೆಕ್ಕ ಹಾಕಿ ತೋರಸ್ರಿ. ಸಾಫ್ಟ್‌ವೇರ್ ಬ್ಯಾಡ.

ಸಾಂದ್ರತೆ–ಕಾಲ ಗೆರೆಯ ಕೆಳಗಿನ ಕ್ಷೇತ್ರಫಲ, ಅಂದರೆ ಎಯುಸಿ, ಮೊದಲು ಬೇಕು. 0, 1, 2, 4, 6, 8 ಗಂಟೆಗೆ ಸಾಂದ್ರತೆ 0, 4, 6, 4, 2, 1 ಮಿ.ಗ್ರಾಂ/ಲೀಟರ್ ಇದೆ ಎನ್ನೋಣ. ಪ್ರತಿ ಎರಡು ಬಿಂದುಗಳ ಸರಾಸರಿಯನ್ನು ಸಮಯದ ಅಂತರದಿಂದ ಗುಣಿಸಿ: 2, 5, 10, 6, 3. ಮೊತ್ತ 26. ಇದು 8 ಗಂಟೆಯವರೆಗೆ. ಮುಂದಿನ ಬಾಲಕ್ಕೆ ಕೊನೆಯ 3 ಬಿಂದು ನೋಡಿ. 4, 2, 1 ಎಂದು 2 ಗಂಟೆಗೊಮ್ಮೆ ಅರ್ಧವಾಗುತ್ತಿದೆ, ಇಳಿಕೆಯ ದರ 0.693 ÷ 2 = 0.3466. ಕೊನೆಯ ಸಾಂದ್ರತೆಯನ್ನು ಇದರಿಂದ ಭಾಗಿಸಿದರೆ 1 ÷ 0.3466 = 2.9. ಒಟ್ಟು ಎಯುಸಿ 28.9. ಊಹಿಸಿದ ಬಾಲ ಒಟ್ಟಿನ 10%. ಇದು 20% ಮೀರಿದರೆ ರಕ್ತ ತೆಗೆಯುವುದನ್ನು ಬೇಗ ನಿಲ್ಲಿಸಿದ್ದೀರಿ ಎಂದರ್ಥ.

ಈಗ 6 ಗಂಟೆಯ ಮಾದರಿ ಕಳೆದುಹೋಯಿತು ಎಂದುಕೊಳ್ಳಿ. 4ರಿಂದ 8 ಗಂಟೆಯ ಭಾಗ 9ರ ಬದಲು 10 ಆಗುತ್ತದೆ. ಬಾಗಿದ ಗೆರೆಯನ್ನು ನೇರ ಎಂದು ಭಾವಿಸಿದ್ದಕ್ಕೆ ಬಂದ ಹೆಚ್ಚಳ ಅದು. ಇಳಿಯುವ ಭಾಗಕ್ಕೆ ಲಾಗ್ ಟ್ರೆಪಿಜಾಯ್ಡ್ (ಬಾಗನ್ನೂ ಲೆಕ್ಕಕ್ಕೆ ಹಿಡಿಯುವ ಸೂತ್ರ) ಬಳಸುವುದು ಇದೇ ಕಾರಣಕ್ಕೆ.

ಕೊನೆಗೆ ಪಾಲು. ಬೇರೊಂದು ಉದಾಹರಣೆ: ಗುಳಿಗೆ 200 ಮಿ.ಗ್ರಾಂಗೆ ಎಯುಸಿ 24, ರಕ್ತನಾಳಕ್ಕೆ 50 ಮಿ.ಗ್ರಾಂ ಕೊಟ್ಟಾಗ ಎಯುಸಿ 10. (24 ÷ 200) ÷ (10 ÷ 50) = 0.12 ÷ 0.2 = 0.6. ಉಳಿದ 40% ಎಲ್ಲಿ ಹೋಯಿತು? ಕರಗದೆ ಹೋಗಿರಬಹುದು, ಕರುಳಿನ ಗೋಡೆಯಲ್ಲೇ ಒಡೆದಿರಬಹುದು, ಅಥವಾ ಯಕೃತ್ತಿನ ಮೊದಲ ಹಾದಿಯಲ್ಲೇ ಕಳೆದಿರಬಹುದು. ಕೊನೆಯದು ಕಾರಣವಾದರೆ ಕಣದ ಗಾತ್ರ ಎಷ್ಟು ಕಡಿಮೆ ಮಾಡಿದರೂ ಪ್ರಯೋಜನವಿಲ್ಲ. ಪ್ರೊಪ್ರನೊಲಾಲ್ ಪೂರ್ತಿ ಹೀರಿಕೊಂಡರೂ ಸುಮಾರು ಕಾಲು ಪಾಲಷ್ಟೇ ರಕ್ತಕ್ಕೆ ಉಳಿಯುತ್ತದೆ.

ರೊಟ್ಟಿ, ಮಜ್ಜಿಗಿ ಮ್ಯಾಲೆ ಗುಳಿಗಿ ತಗೊಂಡ್ರ ಫರಕ್ ಆಗತೈತೇನು?

ಕೆಲವಕ್ಕೆ ಬಹಳ. ಸಿಪ್ರೊಫ್ಲಾಕ್ಸಸಿನ್ ಹಾಲು, ಮೊಸರು, ಮಜ್ಜಿಗೆಯ ಕ್ಯಾಲ್ಸಿಯಂಗೆ ಅಂಟಿ ಕರುಳಿನಲ್ಲೇ ಉಳಿಯುತ್ತದೆ, ಟೆಟ್ರಾಸೈಕ್ಲಿನ್ ಹಾಗೇ. ಇದಕ್ಕೆ ಉಲ್ಟಾ, ಗ್ರಿಸಿಯೋಫುಲ್ವಿನ್ ಕೊಬ್ಬಿನ ಊಟದ ಜೊತೆ ಹೆಚ್ಚು ಸೇರುತ್ತದೆ. ಟ್ರಯಲ್ ಪ್ರೊಟೊಕಾಲಿನಲ್ಲಿ ಊಟದ ವಿವರ ಇಷ್ಟು ಕಟ್ಟುನಿಟ್ಟಾಗಿ ಇರಲು ಇದೇ ಕಾರಣ.

ಫೆನಿಟಾಯಿನ್ ಡೋಸ್ ಸ್ವಲ್ಪ ಏರಿಸಿದ್ರ ರೋಗಿ ತೂರಾಡ್ತಾನ ಅಂತಾರ. ಲೆಕ್ಕ ಎಲ್ಲಿ ತಪ್ಪತದ?

‘ಡೋಸ್ ಇಮ್ಮಡಿಯಾದರೆ ಸಾಂದ್ರತೆ ಇಮ್ಮಡಿ’ ಎಂಬ ನಂಬಿಕೆಯಲ್ಲಿ. ಮೂರ್ಛೆ ರೋಗದ ಔಷಧ ಫೆನಿಟಾಯಿನ್ ಒಡೆಯುವ ಕಿಣ್ವ ಮಾಮೂಲಿ ಡೋಸಿನಲ್ಲೇ ತುಂಬಿಹೋಗುತ್ತದೆ. ಒಬ್ಬ ರೋಗಿಯ ಕಿಣ್ವದ ಗರಿಷ್ಠ ಸಾಮರ್ಥ್ಯ ದಿನಕ್ಕೆ 500 ಮಿ.ಗ್ರಾಂ, ಅರ್ಧ ಸಾಮರ್ಥ್ಯಕ್ಕೆ ಬೇಕಾದ ಸಾಂದ್ರತೆ 4 ಮಿ.ಗ್ರಾಂ/ಲೀಟರ್ ಎನ್ನೋಣ. ಸ್ಥಿರ ಸಾಂದ್ರತೆ = 4 × ಡೋಸ್ ÷ (500 − ಡೋಸ್). 300 ಮಿ.ಗ್ರಾಂಗೆ 6, 400ಕ್ಕೆ 16, 450ಕ್ಕೆ 36. ಬೇಕಾದ ವ್ಯಾಪ್ತಿ 10ರಿಂದ 20. ಕೊನೆಯ 50 ಮಿ.ಗ್ರಾಂ ರೋಗಿಯನ್ನು ವಿಷದ ಮಟ್ಟಕ್ಕೆ ಒಯ್ಯಿತು. ನಿಮ್ಮ ಹೊಸ ಅಣುವಿನ ಮೊದಲ ಹಂತದ ಟ್ರಯಲಿನಲ್ಲಿ ಡೋಸ್ 2 ಪಟ್ಟು ಏರಿಸಿದಾಗ ಎಯುಸಿ 3 ಪಟ್ಟು ಏರಿದರೆ ಅಲ್ಲೇ ನಿಂತು ಇದೇ ಸಂಶಯ ಪಡಬೇಕು.

ನಮ್ಮ ಬ್ಯಾಸಿಗಿ ಬಿಸಿಲಿಗೆ ಔಷಧದ ಮಟ್ಟ ಬದಲಾಗತೈತಾ?

ಬದಲಾಗಬಹುದು, ಮಾನಸಿಕ ಕಾಯಿಲೆಗೆ ಕೊಡುವ ಲೀಥಿಯಂ ಅದಕ್ಕೆ ಸ್ಪಷ್ಟ ನಿದರ್ಶನ. ಅದರ ವ್ಯಾಪ್ತಿ ಕಿರಿದು, ಲೀಟರಿಗೆ 0.6ರಿಂದ 1.2 ಮಿಲಿಈಕ್ವಿವಲೆಂಟ್. ಬೆವರಿನಲ್ಲಿ ನೀರು, ಉಪ್ಪು ಹೋದಾಗ ಮೂತ್ರಪಿಂಡ ಸೋಡಿಯಂ ಹಿಡಿದಿಟ್ಟುಕೊಳ್ಳಲು ಹೊರಟು ಜೊತೆಗೆ ಲೀಥಿಯಂನ್ನೂ ಹಿಡಿದಿಡುತ್ತದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್–ಮೇ ತಿಂಗಳಲ್ಲಿ ಹೊಲದಲ್ಲಿ ದುಡಿಯುವವರನ್ನು ಯಾವುದೇ ಟ್ರಯಲಿಗೆ ಸೇರಿಸುವಾಗ ಮೂತ್ರಪಿಂಡದಿಂದ ಹೋಗುವ ಔಷಧಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು.

### ಪರಿಣಾಮ ಮತ್ತು ತಿಕ್ಕಾಟ

ಕಡಿಮಿ ಮಿಲಿಗ್ರಾಂನಾಗ ಕೆಲ್ಸ ಮಾಡೋ ಔಷಧನೇ ಒಳ್ಳೇದಲ್ಲೇನ್ರಿ?

ಅಲ್ಲ. ಎಷ್ಟು ಕಡಿಮೆಗೆ ಕೆಲಸ ಶುರು ಎಂಬುದು ಪೊಟೆನ್ಸಿ, ಹೆಚ್ಚೆಂದರೆ ಎಷ್ಟು ಕೆಲಸ ಎಂಬುದು ಎಫಿಕಸಿ. ನೋವಿನ ಔಷಧ ಬ್ಯುಪ್ರೆನಾರ್ಫಿನ್ ಮಾರ್ಫಿನ್‌ಗಿಂತ ಬಹಳ ಕಡಿಮೆ ಡೋಸಿನಲ್ಲಿ ಕೆಲಸ ಮಾಡುತ್ತದೆ, ಆದರೆ ಅದು ಭಾಗಶಃ ಅಗೋನಿಸ್ಟ್, ಅಂದರೆ ರಿಸೆಪ್ಟರನ್ನು ಪೂರ್ತಿ ಕೆರಳಿಸಲಾರದ ಔಷಧ. ಉಸಿರಾಟ ತಗ್ಗಿಸುವ ಪರಿಣಾಮ ಒಂದು ಮಟ್ಟದಲ್ಲಿ ಚಪ್ಪಟೆಯಾಗುತ್ತದೆ.

ಅರ್ಧ ಪರಿಣಾಮ ಕೊಡುವ ಸಾಂದ್ರತೆಗೆ ಇಸಿ50 ಎನ್ನುತ್ತಾರೆ. ಸರಳ ಗೆರೆಯಲ್ಲಿ ಅದರ 10ನೇ ಒಂದು ಭಾಗದಲ್ಲಿ 9%, 4 ಪಟ್ಟಿನಲ್ಲಿ 80%, 10 ಪಟ್ಟಿನಲ್ಲಿ 91% ಪರಿಣಾಮ. ಅಂದರೆ 80ರಿಂದ 91ಕ್ಕೆ ಹೋಗಲು ಡೋಸ್ ಎರಡೂವರೆ ಪಟ್ಟು ಬೇಕು. ಆ 11 ಅಂಶಕ್ಕಾಗಿ ಅಡ್ಡಪರಿಣಾಮದ ಗೆರೆಯಲ್ಲಿ ಎಷ್ಟು ಮೇಲೆ ಹೋಗುತ್ತೇವೆ ಎಂದು ಕೇಳಿಕೊಳ್ಳುವುದೇ ಡೋಸ್ ಆಯ್ಕೆಯ ಜೀವಾಳ.

ಭತ್ತಕ್ಕ ಎಣ್ಣಿ ಹೊಡಿಯುವಾಗ ವಿಷ ಏರಿ ಬಂದವ್ರಿಗೆ ಅಟ್ರೊಪಿನ್ ಬಾಟ್ಲಿಗಟ್ಲೆ ಕೊಡ್ತಾರ. ಓದಿದ್ದು 0.6 ಮಿ.ಗ್ರಾಂ. ಇದ್ಯಾವ ಲೆಕ್ಕ?

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆ ಸೀಮೆಯಿಂದ ಬರುವ ಈ ಪ್ರಶ್ನೆ ರಿಸೆಪ್ಟರ್ ಪಾಠವನ್ನು ಪೂರ್ತಿ ಕಲಿಸಬಲ್ಲದು. ಆರ್ಗನೊಫಾಸ್ಫೇಟ್ ಕೀಟನಾಶಕ, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ರಾಶಿ ಬೀಳುತ್ತದೆ. ಅಟ್ರೊಪಿನ್ ಅದು ಕೂರುವ ಮಸ್ಕರಿನಿಕ್ ಎಂಬ ಬಗೆಯ ರಿಸೆಪ್ಟರಿಗೆ ಪೈಪೋಟಿ ನಡೆಸುವ ತಡೆ. ಎದುರಾಳಿ ಹೆಚ್ಚಿದಷ್ಟು ತಡೆಯೂ ಹೆಚ್ಚಬೇಕು. ಆದ್ದರಿಂದ ಇಲ್ಲಿ ‘ಸರಿಯಾದ ಡೋಸ್’ ಎಂಬ ಸ್ಥಿರ ಅಂಕಿ ಇಲ್ಲ, ಗುರಿ ಮಾತ್ರ ಇದೆ. ವೈದ್ಯರು 1ರಿಂದ 3 ಮಿ.ಗ್ರಾಂನಿಂದ ಶುರು ಮಾಡಿ, ಸಾಲದಿದ್ದರೆ 5 ನಿಮಿಷಕ್ಕೊಮ್ಮೆ ಇಮ್ಮಡಿ ಮಾಡುತ್ತ, ಎದೆಯಲ್ಲಿ ನೀರಿನ ಸದ್ದು ನಿಂತು, ನಾಡಿ 80 ದಾಟಿ, ರಕ್ತದೊತ್ತಡ ಚೇತರಿಸುವವರೆಗೆ ಹೋಗುತ್ತಾರೆ.

ಸ್ನಾಯುವಿನ ದೌರ್ಬಲ್ಯಕ್ಕೆ ಮಾತ್ರ ಅಟ್ರೊಪಿನ್ ಏನೂ ಮಾಡದು, ಅಲ್ಲಿರುವುದು ನಿಕೊಟಿನಿಕ್ ರಿಸೆಪ್ಟರ್. ಕಿಣ್ವವನ್ನೇ ಬಿಡಿಸಲು ಪ್ರಾಲಿಡಾಕ್ಸಿಮ್ ಇದೆ. ಆದರೆ ಹೊತ್ತು ಕಳೆದಂತೆ ಕಿಣ್ವದೊಂದಿಗಿನ ಬಂಧ ‘ಮುಪ್ಪಾಗಿ’ ಬಿಡಿಸಲಾಗದ ಸ್ಥಿತಿಗೆ ಬರುತ್ತದೆ. ಪೈಪೋಟಿಯ ತಡೆ, ರಿಸೆಪ್ಟರಿನ ಬಗೆ, ಹಿಂತಿರುಗದ ಬಂಧ, ಗುರಿ ನೋಡಿ ಡೋಸ್ ಹೊಂದಿಸುವುದು, ನಾಲ್ಕೂ ಈ ಒಂದೇ ರೋಗಿಯಲ್ಲಿವೆ.

ಟಿ.ಬಿ. ಗುಳಿಗಿ ನಡದವ್ರನ್ನ ಟ್ರಯಲ್‌ಗೆ ತಗೊಳ್ಳಂಗಿಲ್ಲ ಅಂತಾರ, ಯಾಕ?

ರಿಫಾಂಪಿಸಿನ್ ಕಾರಣ. ಅದು ಯಕೃತ್ತು, ಕರುಳಿನಲ್ಲಿ ಹಲವು ಔಷಧಗಳನ್ನು ಒಡೆಯುವ ಸಿಪ್ 3ಎ4 ಎಂಬ ಕಿಣ್ವವನ್ನು ಹೆಚ್ಚಿಸುತ್ತದೆ. ಬಾಯಿಂದ ಕೊಟ್ಟ ಮಿಡಜೊಲಾಂ ಎಂಬ ನಿದ್ರೆ ಔಷಧದ ಎಯುಸಿ ಅದರ ಜೊತೆ 10ನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಹೊಸ ಕಿಣ್ವ ತಯಾರಾಗಬೇಕಾದ್ದರಿಂದ ಪೂರ್ತಿ ಪರಿಣಾಮಕ್ಕೆ 1–2 ವಾರ ಬೇಕು, ನಿಲ್ಲಿಸಿದ ಮೇಲೆ ಮೊದಲಿನಂತಾಗಲು ಮತ್ತೆ ಸುಮಾರು 2 ವಾರ. ಕಿಣ್ವ ತಡೆಯುವ ಕೀಟೊಕೊನಜೋಲ್‌ನಂಥವು ಮೊದಲ ಡೋಸಿನಿಂದಲೇ ಪರಿಣಾಮ ತೋರುತ್ತವೆ. ಒಂದೇ ಡೋಸ್ ರಿಫಾಂಪಿಸಿನ್ ಕೊಟ್ಟು ‘ತಿಕ್ಕಾಟ ಇಲ್ಲ’ ಎಂದು ಬರೆದ ಅಧ್ಯಯನಕ್ಕೆ ಬೆಲೆ ಇಲ್ಲ.

ತಡೆಯ ಪಾಠ ಕಹಿಯಾದದ್ದು. ಅಲರ್ಜಿಯ ಟರ್ಫೆನಡಿನ್ ಇಂಥ ತಡೆಗಳ ಜೊತೆ ರಕ್ತದಲ್ಲಿ ಏರಿ ಹೃದಯದ ಲಯ ಕೆಡಿಸುತ್ತಿತ್ತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಇಂದು ಪ್ರತಿ ಹೊಸ ಅಣುವನ್ನೂ ಎಚ್‌ಇಆರ್‌ಜಿ ಎಂಬ, ಹೃದಯದ ಲಯ ಕಾಯುವ ಪೊಟ್ಯಾಸಿಯಂ ಚಾನೆಲ್ ಮೇಲೆ ಪರೀಕ್ಷಿಸುವ ಪದ್ಧತಿಯ ಹಿಂದೆ ಇಂಥ ಸಾವುಗಳಿವೆ.

### ಪ್ರಾಣಿಯಿಂದ ಮನುಷ್ಯನಿಗೆ

ಇಲಿಗೆ ಕಿಲೋಕ್ಕ ಇಷ್ಟು ಅಂತ ಗೊತ್ತಾದ ಮ್ಯಾಲೆ ಮನಷಾನ ತೂಕಕ್ಕ ಗುಣಿಸಿದ್ರ ಮುಗೀತಲ್ಲ?

ಹಾಗೆ ಮಾಡಿದರೆ ಡೋಸ್ ಅಪಾಯದಷ್ಟು ಹೆಚ್ಚಾಗುತ್ತದೆ. ಸಣ್ಣ ಪ್ರಾಣಿ ತನ್ನ ತೂಕಕ್ಕೆ ಹೋಲಿಸಿದರೆ ಔಷಧವನ್ನು ಬೇಗ ಹೊರಹಾಕುತ್ತದೆ. ಎಫ್‌ಡಿಎ 2005ರ ಮಾರ್ಗಸೂಚಿ ಮೈಯ ಮೇಲ್ಮೈ ಆಧರಿಸಿ ಗುಣಕಗಳನ್ನು ಕೊಟ್ಟಿದೆ: ಚಿಟ್ಟಿಲಿಗೆ 3, ದೊಡ್ಡ ಇಲಿಗೆ 6, ಮೊಲಕ್ಕೆ 12, ಮಂಗಕ್ಕೆ 12, ನಾಯಿಗೆ 20, ಮನುಷ್ಯನಿಗೆ 37.

ಕೆಡುಕು ಕಾಣದ ಗರಿಷ್ಠ ಡೋಸ್ ದೊಡ್ಡ ಇಲಿಯಲ್ಲಿ 50 ಮಿ.ಗ್ರಾಂ/ಕಿಲೋ, ನಾಯಿಯಲ್ಲಿ 10 ಎನ್ನೋಣ. ಇಲಿಯಿಂದ 50 × 6 ÷ 37 = 8.1, ನಾಯಿಯಿಂದ 10 × 20 ÷ 37 = 5.4. ಮನುಷ್ಯನಿಗೆ ಹೆಚ್ಚು ಹೋಲುವ ಪ್ರಾಣಿ ಯಾವುದೆಂದು ತಿಳಿಯದಿದ್ದರೆ ಕಡಿಮೆಯದನ್ನೇ ಹಿಡಿಯಬೇಕು. ಸುರಕ್ಷತೆಗೆ 10ರಿಂದ ಭಾಗಿಸಿ, 0.54. 60 ಕಿಲೋ ಸ್ವಯಂಸೇವಕನಿಗೆ ಸುಮಾರು 32 ಮಿ.ಗ್ರಾಂ. ಇಲಿಯ ಅಂಕಿಯನ್ನು ನೇರ ಗುಣಿಸಿದ್ದರೆ 3,000 ಮಿ.ಗ್ರಾಂ ಬರುತ್ತಿತ್ತು.

ಹಂಗಾದ್ರ 2006ರಾಗ ಲಂಡನ್‌ನ್ಯಾಗ ಅಷ್ಟು ದೊಡ್ಡ ಅನಾಹುತ ಯಾಕಾತು? ಅವರೂ ಲೆಕ್ಕ ಹಾಕಿದ್ರಲ್ಲ?

ಹಾಕಿದ್ದರು. ಟಿಜಿಎನ್1412 ಎಂಬ ಪ್ರತಿಕಾಯ ಮಂಗಗಳಲ್ಲಿ 50 ಮಿ.ಗ್ರಾಂ/ಕಿಲೋವರೆಗೂ ಕೆಡುಕು ತೋರಲಿಲ್ಲ. ಮನುಷ್ಯರಿಗೆ ಕೊಟ್ಟದ್ದು ಅದರ 500ನೇ ಒಂದು ಭಾಗ, 0.1 ಮಿ.ಗ್ರಾಂ/ಕಿಲೋ. ಔಷಧ ಪಡೆದ 6 ಯುವಕರೂ ಕೆಲವೇ ಗಂಟೆಗಳಲ್ಲಿ ತೀವ್ರ ನಿಗಾ ಘಟಕ ಸೇರಿದರು. ಎಲ್ಲರೂ ಬದುಕಿದರು, ಆದರೆ ಅಂಗಾಂಗಗಳಿಗೆ ಪೆಟ್ಟು ಬಿದ್ದಿತ್ತು.

ಪ್ರಶ್ನೆಯೇ ತಪ್ಪಾಗಿತ್ತು. ‘ಎಷ್ಟು ಕೊಟ್ಟರೆ ಮಂಗಕ್ಕೆ ಕೆಡುಕಿಲ್ಲ’ ಎಂದು ಕೇಳಿದರು, ‘ಇಷ್ಟು ಕೊಟ್ಟರೆ ಮನುಷ್ಯನ ಎಷ್ಟು ರಿಸೆಪ್ಟರ್ ತುಂಬುತ್ತದೆ’ ಎಂದು ಕೇಳಲಿಲ್ಲ. ಕೇಳಿದ್ದರೆ ಲೆಕ್ಕ ಒಂದೇ ಹಾಳೆಯದು. 70 ಕಿಲೋಗೆ 7 ಮಿ.ಗ್ರಾಂ, 3 ಲೀಟರ್ ಪ್ಲಾಸ್ಮಾದಲ್ಲಿ ಸುಮಾರು 2.3 ಮಿ.ಗ್ರಾಂ/ಲೀಟರ್, ಪ್ರತಿಕಾಯದ ಅಣುತೂಕ ಸುಮಾರು 1,50,000 ಆದ್ದರಿಂದ 15 ನ್ಯಾನೊಮೋಲಾರ್. ರಿಸೆಪ್ಟರ್ ಅರ್ಧ ತುಂಬಲು ಬೇಕಾದದ್ದು ಸುಮಾರು 2. 15 ÷ (15 + 2) = 88%. ರೋಗನಿರೋಧಕ ಟಿ-ಕೋಶಗಳನ್ನು ನೇರ ಕೆರಳಿಸುವ ಔಷಧದ ಮೊಟ್ಟಮೊದಲ ಡೋಸಿಗೇ 90%ರ ಹತ್ತಿರ! ಮಂಗದ ಸ್ಮೃತಿ ಟಿ-ಕೋಶಗಳ ಒಂದು ಬಗೆಯಲ್ಲಿ ಆ ರಿಸೆಪ್ಟರೇ ಇಲ್ಲ ಎಂಬುದು ನಂತರ ತಿಳಿಯಿತು. ಇದಲ್ಲದೆ ಸುಮಾರು 10 ನಿಮಿಷದ ಅಂತರದಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕೊಡುತ್ತ ಹೋದರು, ಮೊದಲಿನವನಿಗೆ ಏನಾಯಿತೆಂದು ಕಾಯಲಿಲ್ಲ.

ಈಗ ಇಂಥ ಅಣುಗಳಿಗೆ ಕನಿಷ್ಠ ಜೈವಿಕ ಪರಿಣಾಮ ಕಾಣುವ ಮಟ್ಟದಿಂದಲೇ ಶುರು ಮಾಡುತ್ತಾರೆ. ಮೊದಲ ಒಬ್ಬರಿಗೆ ಕೊಟ್ಟು, ಕಾದು, ನಂತರ ಉಳಿದವರಿಗೆ.

### ಜೆನೆರಿಕ್, ಕಾರ್ಖಾನೆ, ಡೋಸ್ ಆಯ್ಕೆ

ಬಯೋಇಕ್ವಿವಲೆನ್ಸ್‌ನ್ಯಾಗ 80ರಿಂದ 125 ಅಂದ್ರ, ಔಷಧ 20% ಕಡಿಮಿ ಇದ್ರೂ ಪಾಸ್ ಅಂತಾನ?

ಬಯೋಇಕ್ವಿವಲೆನ್ಸ್ ಎಂದರೆ ಜೆನೆರಿಕ್ ಗುಳಿಗೆ ಮೂಲ ಔಷಧದಂತೆಯೇ ರಕ್ತಕ್ಕೆ ಸೇರುತ್ತದೆ ಎಂದು ತೋರಿಸುವುದು. ಗುಳಿಗೆಯಲ್ಲಿರುವ ಔಷಧದ ಪ್ರಮಾಣಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಜೆನೆರಿಕ್ ಮತ್ತು ಮೂಲ ಔಷಧದ ಎಯುಸಿ, ಗರಿಷ್ಠ ಸಾಂದ್ರತೆ ಇವುಗಳ ಅನುಪಾತದ 90% ವಿಶ್ವಾಸಾಂತರ (ನಿಜ ಅನುಪಾತ ಇರಬಹುದಾದ ವ್ಯಾಪ್ತಿ) ಪೂರ್ತಿಯಾಗಿ 80.00ರಿಂದ 125.00ರ ಒಳಗೆ ಕೂರಬೇಕು. ಅನುಪಾತ 95, ಅಂತರ 88–103 ಆದರೆ ಪಾಸ್. ಅನುಪಾತ 90, ಅಂತರ 79.6–101.8 ಆದರೆ ಫೇಲ್. 125 ಯಾಕೆಂದರೆ ಲೆಕ್ಕ ಲಾಗ್‌ನಲ್ಲಿ ನಡೆಯುತ್ತದೆ, 1 ÷ 0.8 = 1.25.

ಎಷ್ಟು ಜನ ಬೇಕು ಎಂಬುದು ಒಬ್ಬರಲ್ಲೇ ಕಾಣುವ ಏರಿಳಿತದ ಮೇಲೆ ನಿಂತಿದೆ. ನಿಜ ಅನುಪಾತ 95% ಎಂದು ಹಿಡಿದು, ಅಧ್ಯಯನ ಪಾಸಾಗುವ ಸಾಧ್ಯತೆ ಎನ್ನಬಹುದಾದ 80% ಪವರ್‌ಗೆ, ಏರಿಳಿತ 20% ಇದ್ದರೆ 20 ಜನ, 30% ಇದ್ದರೆ 40 ಜನ. ಸ್ವಯಂಸೇವಕರು ರಾತ್ರಿಯಿಡೀ 10 ತಾಸು ಉಪವಾಸವಿದ್ದು, ಗುಳಿಗೆಯನ್ನು 240 ಮಿ.ಲೀ. ನೀರಿನ ಜೊತೆ ನುಂಗಿ, 4 ಗಂಟೆ ಏನೂ ತಿನ್ನುವುದಿಲ್ಲ. ಒಬ್ಬರೇ ಎರಡೂ ಔಷಧ ತೆಗೆದುಕೊಳ್ಳುವ ಎರಡು ಸರದಿಗಳ ನಡುವೆ ಕನಿಷ್ಠ 5 ಅರ್ಧಾಯು ಬಿಡುವು. ಅಧ್ಯಯನ ಕೆಡುವುದು ಹೆಚ್ಚಾಗಿ ಗರಿಷ್ಠದ ಸುತ್ತಲಿನ ಮಾದರಿಗಳಲ್ಲಿ. ತೆಗೆದ ಮೊದಲ ಮಾದರಿಯೇ ಅತಿ ಹೆಚ್ಚು ಬಂದರೆ ನಿಜವಾದ ಗರಿಷ್ಠ ಅದಕ್ಕೂ ಮೊದಲೇ ದಾಟಿಹೋಗಿರಬಹುದು.

ಒಂದೇ ರಿಯಾಕ್ಟರಿನ್ಯಾಗ ಎರಡು ಪ್ರಾಡಕ್ಟ್ ಮಾಡ್ತೀವಿ. ತೊಳದ ಮ್ಯಾಲೆ ಎಷ್ಟು ಉಳದ್ರ ನಡೀತದ?

10 ಪಿಪಿಎಂ ಎಂಬ ಹಳೆಯ ರೂಢಿ ಎಲ್ಲ ಅಣುವಿಗೂ ಒಂದೇ ಅಳತೆಗೋಲು ಹಿಡಿಯುತ್ತಿತ್ತು. ಈಗ ಪ್ರತಿ ಅಣುವಿಗೆ ದಿನಕ್ಕೆ ಎಷ್ಟು ಒಳಹೋದರೆ ಜೀವಮಾನವಿಡೀ ಕೆಡುಕಿಲ್ಲ ಎಂಬ ಪಿಡಿಇ ಲೆಕ್ಕ ಹಾಕುತ್ತಾರೆ. ಇಲಿಯಲ್ಲಿ 3 ತಿಂಗಳ ಅಧ್ಯಯನದಲ್ಲಿ ಕೆಡುಕಿಲ್ಲದ ಡೋಸ್ ದಿನಕ್ಕೆ 10 ಮಿ.ಗ್ರಾಂ/ಕಿಲೋ ಎನ್ನೋಣ. ಅದನ್ನು 50 ಕಿಲೋದಿಂದ ಗುಣಿಸಿ, ಇಲಿಯಿಂದ ಮನುಷ್ಯನಿಗೆ 5, ಮನುಷ್ಯರ ನಡುವಿನ ವ್ಯತ್ಯಾಸಕ್ಕೆ 10, ಅಧ್ಯಯನ ಚಿಕ್ಕದಾದ್ದಕ್ಕೆ 5ರಿಂದ ಭಾಗಿಸಿದರೆ 500 ÷ 250 = 2 ಮಿ.ಗ್ರಾಂ. ತೀವ್ರ ವಿಷಕ್ಕೆ ಇನ್ನೂ 10ರವರೆಗೆ ಭಾಗಿಸಬೇಕು.

ಕ್ಯಾನ್ಸರ್ ಔಷಧದಂಥ ತೀಕ್ಷ್ಣ ಅಣುವಿಗೆ ಪಿಡಿಇ 1 ಮೈಕ್ರೋಗ್ರಾಂ ಬಂದಿದೆ ಎಂದುಕೊಳ್ಳಿ. ಮುಂದಿನ ಪ್ರಾಡಕ್ಟಿನ ಬ್ಯಾಚ್ 100 ಕಿಲೋ, ಅದರ ದಿನದ ಡೋಸ್ 500 ಮಿ.ಗ್ರಾಂ. ಬ್ಯಾಚಿನಲ್ಲಿ 10 ಕೋಟಿ ಮಿ.ಗ್ರಾಂ (ಸೊನ್ನೆ ತಪ್ಪುವುದು ಇಲ್ಲೇ), ಅಂದರೆ 2 ಲಕ್ಷ ಡೋಸ್. ಡೋಸಿಗೆ 1 ಮೈಕ್ರೋಗ್ರಾಂನಂತೆ ಇಡೀ ಉಪಕರಣದಲ್ಲಿ 200 ಮಿ.ಗ್ರಾಂ ಮಾತ್ರ ಉಳಿಯಬಹುದು. ಒಳಮೈ 50 ಚದರ ಮೀಟರ್ ಇದ್ದರೆ ಚದರ ಸೆಂಟಿಮೀಟರಿಗೆ 0.4 ಮೈಕ್ರೋಗ್ರಾಂ, 100 ಚದರ ಸೆಂ.ಮೀ. ಒರೆಸಿ ತೆಗೆದ ಸ್ವಾಬಿನಲ್ಲಿ 40 ಮೈಕ್ರೋಗ್ರಾಂ. ನಿಮ್ಮ ವಿಧಾನಕ್ಕೆ ಅಷ್ಟನ್ನು ಅಳೆಯುವ ಶಕ್ತಿ ಇದೆಯೇ, ಸ್ವಾಬಿನಿಂದ ಎಷ್ಟು ಪಾಲು ಮರಳಿ ಸಿಗುತ್ತದೆ ಎಂದು ಮೊದಲೇ ನೋಡಿ. ಗ್ಯಾಸ್ಕೆಟ್, ವಾಲ್ವ್, ಕಂಡೆನ್ಸರಿನ ಒಳಮೈ ಲೆಕ್ಕಕ್ಕೆ ಬಿಟ್ಟುಹೋಗುವುದು ಮಾಮೂಲಿ ತಪ್ಪು.

ಕ್ಯಾನ್ಸರ್ ಔಷಧಕ್ಕ ತಡ್ಕೊಳ್ಳುವಷ್ಟು ಗರಿಷ್ಠ ಡೋಸ್ ಕೊಡೋದು ಸರಿ ಅಂತ ಓದಿದ್ವಿ. ಈಗ ಅದನ್ನೂ ಪ್ರಶ್ನಿ ಮಾಡ್ಲಿಕತ್ತಾರಂತ?

ಹೌದು, ಮಾಡಬೇಕಾದ ಪ್ರಶ್ನೆ. ಆ ನಿಯಮ ಕೋಶಗಳನ್ನು ಸಾರಾಸಗಟು ಕೊಲ್ಲುವ ಹಳೆಯ ಕಿಮೊಥೆರಪಿಗೆ ಹುಟ್ಟಿದ್ದು, ಅಲ್ಲಿ ಡೋಸ್ ಏರಿದಷ್ಟು ಪರಿಣಾಮ ಏರುತ್ತಿತ್ತು. ಒಂದು ನಿರ್ದಿಷ್ಟ ಗುರಿಯನ್ನು ತಡೆಯುವ ಗುಳಿಗೆಯಲ್ಲಿ ಗುರಿ ತುಂಬಿದ ಮೇಲೆ ಹೆಚ್ಚಿಸಿದ ಡೋಸ್ ಅಡ್ಡಪರಿಣಾಮವನ್ನಷ್ಟೇ ಹೆಚ್ಚಿಸಬಹುದು. ಎಫ್‌ಡಿಎ 2021ರಲ್ಲಿ ‘ಪ್ರಾಜೆಕ್ಟ್ ಆಪ್ಟಿಮಸ್’ ಶುರು ಮಾಡಿದ್ದು ಇದನ್ನು ಸರಿಪಡಿಸಲು.

ಅದೇ ವರ್ಷ ಮಂಜೂರಾದ ಶ್ವಾಸಕೋಶ ಕ್ಯಾನ್ಸರಿನ ಔಷಧ ಸೊಟೊರಾಸಿಬ್ ನೋಡಿ. ಮಂಜೂರಾದಾಗ ಡೋಸ್ ದಿನಕ್ಕೆ 960 ಮಿ.ಗ್ರಾಂ, 120 ಮಿ.ಗ್ರಾಂನ 8 ಗುಳಿಗೆ ಇತ್ತು. ಆದರೆ 180ರಿಂದ 960ರವರೆಗೆ ಡೋಸ್ ಏರಿಸಿದರೂ ರಕ್ತದಲ್ಲಿನ ಎಯುಸಿ ಹೆಚ್ಚುಕಡಿಮೆ ಒಂದೇ ಇತ್ತು. ಮಂಜೂರು ಮಾಡುವಾಗಲೇ 960ನ್ನು 240ಕ್ಕೆ ಹೋಲಿಸಿ ಅಧ್ಯಯನ ಮಾಡಬೇಕೆಂದು ಕಂಪನಿಗೆ ಷರತ್ತು ಹಾಕಿದರು. ಇಂಥ ಗೆರೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಹೊಟ್ಟೆಯಲ್ಲಿ ಎಷ್ಟು ಕರಗುತ್ತಿದೆ ಎಂಬುದು. ಕಣದ ಗಾತ್ರ, ಸ್ಫಟಿಕ ರೂಪ, ಕರುಳಿನ ಆಮ್ಲೀಯತೆಯಲ್ಲಿ ಕರಗುವ ಮಿತಿ, ಈ ಮೂರರ ದತ್ತಾಂಶ ಇರುವುದು ಕಾರ್ಖಾನೆಯ ಕೆಮಿಸ್ಟ್ ಬಳಿ. ಡೋಸ್ ನಿರ್ಧರಿಸುವ ಸಭೆಗೆ ಆ ಹಾಳೆಯನ್ನು ಅವರೇ ಒಯ್ಯಬೇಕು.